ಕಡಲಿಗೆ ಬೆನ್ನು ಹಾಕಿ ಒಮ್ಮೆ ನಿಲ್ಲಿ

ಶಿರಸಿಯಲ್ಲಿ ಗೆಳೆಯರ ಬಳಗದ ಎದುರು ಆಡಿದ ಮಾತು ಇದು. ಬರೆದು ಕೊಡಿ ಅಂತ ಕೇಳಿದರು. ಅಲ್ಲಲ್ಲಿ ತಿದ್ದಿದ್ದೇನೆ, ಉಳಿದದ್ದನ್ನು ಮಾತಿನ ಧಾಟಿಯಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಗೋಕರ್ಣ ನೋಡದವರು ಯಾರೂ ಇರಲಿಕ್ಕಿಲ್ಲ. ಅಪರಕರ್ಮಕ್ಕೆ ಹೋದವರಿದ್ದೀರಿ, ಶಿವರಾತ್ರಿ ತೇರಿಗೆ ಹೋದವರಿದ್ದೀರಿ, ಮಕ್ಕಳು ಬೆಂಗಳೂರಿಂದ ರಜೆಗೆ ಬಂದಾಗ ಹಟ ಹಿಡಿದು ಓಂ ಬೀಚಿಗೆ ಕರೆದುಕೊಂಡು ಹೋಗಿದ್ದೂ ಇದೆ. ಆದರೆ ನಾನು ಇವತ್ತು ದೇವಸ್ಥಾನದ ಬಗ್ಗೆಯೂ ಮಾತಾಡುವುದಿಲ್ಲ, ಬೀಚಿನ ಬಗ್ಗೆಯೂ ಮಾತಾಡುವುದಿಲ್ಲ. ಅವೆರಡರ ನಡುವೆ ಒಂದು ಗುಡ್ಡ ಇದೆಯಲ್ಲ, ಒಂದು ಬೀಚಿನಿಂದ ಇನ್ನೊಂದಕ್ಕೆ ಹೋಗುವಾಗ ಏದುಸಿರು ಬಿಡುತ್ತಾ ಹತ್ತಿ ಇಳಿಯುತ್ತೀವಲ್ಲ, ಅದರ ಬಗ್ಗೆ ಮಾತಾಡುತ್ತೇನೆ.

ಶಾಲೆಯಲ್ಲಿ ನಾವು ಓದಿದ ಪದ ಭೂಶಿರ. ಪರೀಕ್ಷೆಗೆ ಸರಿ. ನೋಡಿದಾಗ ನನಗೆ ಶಿರ ಅನ್ನಿಸುವುದಿಲ್ಲ, ಮೂಗು ಅನ್ನಿಸುತ್ತದೆ. ನೆಲ ತನ್ನ ಮೂಗನ್ನು ಕಡಲೊಳಗೆ ಚಾಚಿಕೊಂಡು ನಿಂತ ಹಾಗೆ. ಗೋಕರ್ಣದಲ್ಲಿ ಇಂಥ ಮೂಗು ಒಂದಲ್ಲ. ಊರಿನ ದೊಡ್ಡ ಕಡಲತೀರದಿಂದ ದಕ್ಷಿಣಕ್ಕೆ ನಡೆಯುತ್ತಾ ಹೋದರೆ ಮೊದಲು ರಾಮತೀರ್ಥದ ಗುಡ್ಡ. ಅದನ್ನು ದಾಟಿದರೆ ಕುಡ್ಲೆ. ಮತ್ತೊಂದು ಗುಡ್ಡ, ಆಮೇಲೆ ಓಂ ಬೀಚ್. ಮತ್ತೆ ಗುಡ್ಡ, ಹಾಫ್ ಮೂನ್. ಮತ್ತೆ ಗುಡ್ಡ, ಪ್ಯಾರಡೈಸ್. ಅಲ್ಲಿಂದ ಮುಂದೆ ಬೆಲೆಕಾನ್, ಅದರಾಚೆ ತದಡಿ, ಅಲ್ಲಿ ಅಘನಾಶಿನಿ ಬಂದು ಕಡಲಿಗೆ ಸೇರುತ್ತದೆ. ಉತ್ತರಕ್ಕೆ ಗಂಗಾವಳಿ, ದಕ್ಷಿಣಕ್ಕೆ ಅಘನಾಶಿನಿ, ನಡುವೆ ಈ ನೆಲ. ಗೋಕರ್ಣ ಅಂದರೆ ಹಸುವಿನ ಕಿವಿ. ಎರಡು ನದಿಗಳ ನಡುವಿನ ಈ ನೆಲದ ಆಕಾರಕ್ಕೇ ಆ ಹೆಸರು ಬಂತು ಅನ್ನುವವರಿದ್ದಾರೆ.

ನಾನು ಈ ದಾರಿಯನ್ನು ಎಷ್ಟು ಸಲ ನಡೆದಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಮೊದಮೊದಲು ನಾನೂ ಎಲ್ಲರ ಹಾಗೆ ಗುಡ್ಡದ ಮೇಲೆ ಹೋಗಿ ಕಡಲು ನೋಡಿ, ಸೂರ್ಯ ಮುಳುಗಿದ ಮೇಲೆ ವಾಪಸ್ ಬರುತ್ತಿದ್ದೆ. ಒಂದು ಸಲ, ಸೂರ್ಯ ಇನ್ನೂ ಮುಳುಗಿರಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಅಂತ ಸುಮ್ನೆ ಹಿಂದೆ ತಿರುಗಿ ಕೂತೆ. ಎದುರಿಗೆ ನಮ್ಮ ಘಟ್ಟ. ಸಂಜೆ ಬಿಸಿಲು ಬಿದ್ದು ಒಂದರ ಹಿಂದೆ ಒಂದು ಸಾಲು, ಮುಂದಿನದು ಹಸಿರು, ಹಿಂದಿನದು ನೀಲಿ, ಅದರ ಹಿಂದಿನದು ಹೊಗೆಯ ಬಣ್ಣ. ಆ ಕೊನೆಯ ಸಾಲಿನ ಆಚೆ ನಮ್ಮ ಶಿರಸಿ ಇದೆ ಅಲ್ವಾ ಅನ್ನಿಸಿತು. ಅವತ್ತಿನಿಂದ ಆ ಗುಡ್ಡವನ್ನು ನೋಡುವ ರೀತಿಯೇ ಬದಲಾಯಿತು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದೂ ಇಷ್ಟೇ: ಆ ಗುಡ್ಡದ ಮೇಲೆ ನಿಂತಾಗ ಕಡಲಿಗೆ ಬೆನ್ನು ಹಾಕಿ ಒಮ್ಮೆ ನಿಲ್ಲಿ.

ಮೊದಲು ಕಾಲ ಕೆಳಗಿನ ಕಲ್ಲಿನಿಂದ ಶುರು ಮಾಡೋಣ.

ರಾಮತೀರ್ಥದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಒಂದು ಬಯಲು ಸಿಗುತ್ತದೆ. ಗುಡ್ಡದ ತಲೆ ಮೊನಚಾಗಿರುತ್ತದೆ ಅಂದುಕೊಂಡು ಬಂದವರಿಗೆ ಇದು ಅಚ್ಚರಿ, ಯಾಕೆಂದರೆ ಮೇಲೆ ಎಲ್ಲ ಚಪ್ಪಟೆ. ಕಪ್ಪು ಮಿಶ್ರಿತ ಕೆಂಪು ಕಲ್ಲು, ಮೈತುಂಬ ತೂತು. ಅದೇ ನಮ್ಮ ಚಿರೆಕಲ್ಲು. ದಕ್ಷಿಣ ಕನ್ನಡದವರು ಮುರಕಲ್ಲು ಅನ್ನುತ್ತಾರೆ, ಪುಸ್ತಕದಲ್ಲಿ ಜಂಬಿಟ್ಟಿಗೆ. ಒಡೆದ ತುಂಡೊಂದನ್ನು ಕೈಗೆತ್ತಿಕೊಂಡು ನೋಡಿ. ಹೊರಗೆ ಕಬ್ಬಿಣದ ತುಕ್ಕಿನ ಬಣ್ಣ, ಒಳಗಿನ ತೂತುಗಳಲ್ಲಿ ಹಳದಿ, ಕೆಲವು ಕಡೆ ಬಿಳಿ ಮಣ್ಣು. ಬೆರಳು ಹಾಕಿ ತಿರುಗಿಸಿದರೆ ಆ ಬಿಳಿ ಮಣ್ಣು ಉಗುರಿಗೆ ಮೆತ್ತುತ್ತದೆ. ಲಕ್ಷಾಂತರ ವರ್ಷ ಮಳೆ ಬಿದ್ದು, ಬಿಸಿಲು ಕಾದು, ಮತ್ತೆ ಮಳೆ ಬಿದ್ದು, ಕರಗುವುದೆಲ್ಲ ಕರಗಿ ಹೋಗಿ, ಕರಗದೆ ಉಳಿದ ಕಬ್ಬಿಣ ಮತ್ತು ಅಲ್ಯುಮಿನಿಯಂ ಗಟ್ಟಿಯಾಗಿ ಆದ ಕಲ್ಲು ಇದು. ನೆಲದೊಳಗೆ ಇರುವಾಗ ಮೆದು, ಕೊಡಲಿಯಲ್ಲೇ ಕಡಿಯಬಹುದು. ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಕರಾವಳಿಯ ಹಳೇ ಮನೆ, ಬಾವಿಕಟ್ಟೆ, ಅಗಳು, ಎಲ್ಲಕ್ಕೂ ಇದೇ. ಅಘನಾಶಿನಿ ದಡದ ಮಿರ್ಜಾನ ಕೋಟೆಯ ಗೋಡೆಗಳನ್ನು ಮುಟ್ಟಿ ನೋಡಿ, ಅದೂ ಇದೇ ಕಲ್ಲು. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆಗೆ ಬೆಸೆದುಕೊಂಡ ಕೋಟೆ ಅದು.

ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆ ಎಲ್ಲ ಸುತ್ತಿದ ವೈದ್ಯ. ಮಲಬಾರಿನ ಅಂಗಡಿಪುರಂನಲ್ಲಿ ಜನ ನೆಲದಿಂದ ಕಲ್ಲನ್ನು ಇಟ್ಟಿಗೆ ಥರ ಕಡಿದು ತೆಗೆಯುವುದು ಕಂಡ. ಲ್ಯಾಟಿನ್ನಿನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಹೆಸರು ಹಾಗೆ ಬಂತು. 1801ರಲ್ಲಿ ಅವನು ಗೋಕರ್ಣಕ್ಕೂ ಬಂದಿದ್ದ. ಆದರೆ ಕಲ್ಲನ್ನು ಇಟ್ಟಿಗೆ ಥರ ಕಡಿಯುವ ವಿದ್ಯೆ ಅವನು ಬರುವ ಎಷ್ಟೋ ಮೊದಲೇ ನಮ್ಮವರಿಗೆ ಗೊತ್ತಿತ್ತು. ಅದನ್ನೂ ಹೇಳಬೇಕು.

ಈಗ ನೀರಿನ ವಿಷಯ. ನನಗೆ ಈ ಗುಡ್ಡದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ಈ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿರೆಕಲ್ಲಿನ ಬಯಲು ತನ್ನ ತೂತುಗಳಲ್ಲಿ ಆ ನೀರನ್ನು ಕುಡಿಯುತ್ತದೆ. ಕಲ್ಲಿನ ಕೆಳಗೆ ಶೇಡಿ ಮಣ್ಣಿನ, ಅಂದರೆ ಬಿಳಿ ಜೇಡಿಮಣ್ಣಿನ ಪದರ. ಆ ಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಹಾಗಾಗಿ ನೀರು ಪಕ್ಕಕ್ಕೆ ಸರಿಯುತ್ತಾ, ಸರಿಯುತ್ತಾ, ಗುಡ್ಡದ ಬದಿಯಲ್ಲಿ ಎಲ್ಲಿ ಕಲ್ಲು ಮುಗಿದು ಮಣ್ಣು ಶುರುವಾಗುತ್ತದೋ ಅಲ್ಲಿ ಹೊರಗೆ ಬರುತ್ತದೆ. ರಾಮತೀರ್ಥದಲ್ಲಿ ನೀವು ತಲೆ ಒಡ್ಡಿ ನಿಲ್ಲುವ ನೀರು ಅದೇ. ಹತ್ತು ಹೆಜ್ಜೆ ಆಚೆ ಉಪ್ಪು ಕಡಲು, ಇಲ್ಲಿ ಸಿಹಿ ನೀರು. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಹೋದಾಗ ಇದು ದೇವರ ಮಹಿಮೆ ಅಂತ ಅಜ್ಜಿ ಹೇಳಿದ್ದರು. ಈಗ ಕಲ್ಲಿನ ಲೆಕ್ಕ ಗೊತ್ತಾದ ಮೇಲೂ ಆ ನೀರು ಕುಡಿಯುವಾಗ ನನಗೆ ಅಜ್ಜಿಯ ಮಾತು ಸುಳ್ಳು ಅನ್ನಿಸುವುದಿಲ್ಲ. ಮಾರ್ಚ್ ತಿಂಗಳಲ್ಲಿ, ಬಯಲು ಕಾದ ಕಾವಲಿ ಆಗಿರುವಾಗ, ಅದೇ ಗುಡ್ಡದ ಹೊಟ್ಟೆಯಿಂದ ತಣ್ಣನೆ ನೀರು ಬರುತ್ತದೆ. ಹಿಂದಿನ ಜುಲೈನಲ್ಲಿ ಬಿದ್ದ ಮಳೆ ಅದು.

ಈ ಲೆಕ್ಕಕ್ಕೆ ಇನ್ನೊಂದು ಮುಖ ಇದೆ. ನೀರು ತುಂಬಿ ಭಾರವಾದ ಗುಡ್ಡ, ಕೆಳಗೆ ಜಾರುವ ಶೇಡಿ ಮಣ್ಣು. ಇಂಥ ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದರೆ ಮೇಲಿನದ್ದಕ್ಕೆ ಆಸರೆ ಎಲ್ಲಿ? 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಗಂಗಾವಳಿಗೆ ಬಿತ್ತು. ಆ ದಿನಗಳನ್ನು ನಾವ್ಯಾರೂ ಮರೆತಿಲ್ಲ. ಹೊಳೆಯಾಚೆಯ ದಡದ ಮನೆಗಳಿಗೂ ನೀರು ನುಗ್ಗಿತ್ತು. ಅದಾದ ಮೇಲೆ ಕರಾವಳಿಯಲ್ಲಿ ಎಲ್ಲಿ ಗುಡ್ಡ ಕತ್ತರಿಸಿ ದಾರಿ, ಕಟ್ಟಡ ಮಾಡುವುದು ಕಂಡರೂ ನನಗೆ ಎದೆ ಝಲ್ ಅನ್ನುತ್ತದೆ. ಗೋಕರ್ಣದ ಗುಡ್ಡಗಳ ಮೇಲೂ ಜೆಸಿಬಿ ಹತ್ತಿದ ಗುರುತು ಕಾಣುತ್ತದೆ. ಕಡಲು ಕಾಣುವ ರೂಮು ಬೇಕು ಅಂತ ಬರುವವರು ನಾವೇ, ಹಾಗಾಗಿ ಬೇರೆಯವರನ್ನು ಬೈದು ಪ್ರಯೋಜನ ಇಲ್ಲ. ರೂಮು ಹಿಡಿಯುವ ಮೊದಲು ಅದು ಯಾವ ಇಳಿಜಾರಿನ ಮೇಲೆ ನಿಂತಿದೆ ಅಂತ ಒಂದು ಸಲ ನೋಡಬಹುದು, ಅಷ್ಟು ನಮ್ಮ ಕೈಲಿದೆ.

ಮಳೆಗಾಲದಲ್ಲಿ ಯಾರೂ ಗೋಕರ್ಣಕ್ಕೆ ಹೋಗುವುದಿಲ್ಲ. ಕಡಲಿಗೆ ಇಳಿಯಬಾರದು, ನಿಜ. ಆದರೆ ಆಗಸ್ಟ್ ಕೊನೆಗೆ, ಮಳೆ ಒಂದೆರಡು ದಿನ ಬಿಡುವು ಕೊಟ್ಟಾಗ, ಮೇಲಿನ ಬಯಲಿಗೆ ಹೋಗಿ. ಬೇಸಿಗೆಯಲ್ಲಿ ಕಲ್ಲು ಬಿಟ್ಟರೆ ಏನೂ ಇಲ್ಲದ ಜಾಗ ಅದು. ಆಗ ಅಲ್ಲಿ ಅಂಗೈ ಆಳದ ನೀರಿನ ಗುಂಡಿಗಳು, ಅಂಚಿನಲ್ಲಿ ಬೆರಳುದ್ದದ ಹುಲ್ಲು, ಹುಲ್ಲಿನ ನಡುವೆ ನೀಲಿ ಹೂವು, ಶರ್ಟಿನ ಗುಂಡಿಯಂಥ ಬಿಳಿ ಹೂವು. ನಿಂತು ನೋಡಿದರೆ ಕಾಣುವುದಿಲ್ಲ. ಮೊಣಕಾಲೂರಿ ಕೂರಬೇಕು. ನಾನು ಹಾಗೆ ಕೂತಾಗ ಒಂದು ಕೆಂಪು ಗಿಡ ಕಂಡಿತು, ಮೂರು ಬೆರಳು ಎತ್ತರ ಇರಬಹುದು, ಎಲೆ ದಾರದ ಹಾಗೆ ಸಣ್ಣ, ಎಲೆ ತುಂಬ ಕೂದಲು, ಪ್ರತಿ ಕೂದಲ ತುದಿಯಲ್ಲಿ ಇಬ್ಬನಿಯಂಥ ಹನಿ. ಇಬ್ಬನಿ ಅಲ್ಲ, ಅಂಟು. ಒಂದು ಸಣ್ಣ ಗುಂಗುರು ಅದಕ್ಕೆ ಸಿಕ್ಕಿಕೊಂಡು ಕಾಲು ಆಡಿಸುತ್ತಿತ್ತು. ಈ ಕಲ್ಲಿನ ಮೇಲೆ ಮಣ್ಣು ಇಲ್ಲ, ಗಿಡಕ್ಕೆ ಸಾರ ಸಿಗುವುದಿಲ್ಲ. ಅದಕ್ಕೆ ಅದು ಹುಳು ಹಿಡಿದು ಆ ಕೊರತೆ ತುಂಬಿಕೊಳ್ಳುತ್ತದೆ. ಮೂರು ತಿಂಗಳಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಮುಗಿಸಬೇಕು. ನವೆಂಬರಿನಲ್ಲಿ ಅದೇ ಜಾಗಕ್ಕೆ ಹೋದರೆ ಗಿಡ ಇದ್ದ ಗುರುತೂ ಇರುವುದಿಲ್ಲ. ಸರ್ಕಾರಿ ಕಾಗದದಲ್ಲಿ ಇಂಥ ಜಾಗಕ್ಕೆ ಬಂಜರು ಅಂತ ಬರೆಯುತ್ತಾರೆ. ಒಂದು ಸಲ ಆಗಸ್ಟಿನಲ್ಲಿ ಮೊಣಕಾಲೂರಿ ಕೂತವರು ಆ ಪದ ಬರೆಯಲಾರರು.

ಗುಡ್ಡದ ಮೂಗಿನ ತುದಿಗೆ ಹೋಗೋಣ. ಅಲ್ಲಿ ಚಿರೆಕಲ್ಲು ಮುಗಿದು, ಕೆಳಗೆ ಕಡಲು ತೊಳೆದು ತೊಳೆದು ಕಪ್ಪಾದ ದೊಡ್ಡ ದೊಡ್ಡ ಬಂಡೆಗಳು. ಮುಂಡಿಗೆ ಪೊದೆ, ಗೇರು, ಗಾಳಿಗೆ ಒಂದೇ ಕಡೆ ಬಾಗಿದ ಕುರುಚಲು ಮರ. ಮೇಲೆ ಗರುಡ, ಅದೃಷ್ಟ ಇದ್ದರೆ ಬಿಳಿ ಹೊಟ್ಟೆಯ ಕಡಲ ಹದ್ದು.

ಬೀಚು ಯಾಕೆ ಬಾಗಿದೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಕುಡ್ಲೆಯೂ ಕಮಾನು, ಹಾಫ್ ಮೂನ್ ಹೆಸರೇ ಹೇಳುತ್ತದೆ, ಓಂ ಬೀಚು ಎರಡು ಕಮಾನು, ನಡುವೆ ಬಂಡೆಯ ಚಾಚು. ಉತ್ತರ ಇರುವುದು ಗುಡ್ಡದಲ್ಲಿ. ದೂರ ಕಡಲಿನಲ್ಲಿ ಅಲೆ ನೇರ ಸಾಲಾಗಿ ಬರುತ್ತದೆ. ನೀರಿನ ಆಳ ಕಡಿಮೆ ಆದಲ್ಲಿ ಅಲೆಯ ವೇಗ ಕಡಿಮೆ ಆಗುತ್ತದೆ. ಮೂಗಿನ ಎದುರು ಮೊದಲು ಆಳ ಕಡಿಮೆ ಆಗುವುದರಿಂದ ಅಲೆಯ ಆ ಭಾಗ ಹಿಂದೆ ಬೀಳುತ್ತದೆ, ಎರಡೂ ಕಡೆಯ ಭಾಗ ಮುಂದೆ ಓಡಿ ಮೂಗಿನ ಸುತ್ತ ಬಾಗುತ್ತದೆ. ಹಾಗಾಗಿ ಪೆಟ್ಟೆಲ್ಲ ಗುಡ್ಡದ ಮೇಲೆ. ಕೊಲ್ಲಿಯ ಒಳಗೆ ಬರುವ ಅಲೆ ಹರಡಿ ಹರಡಿ ಮೆತ್ತಗಾಗಿರುತ್ತದೆ, ಹೊತ್ತು ತಂದ ಮರಳನ್ನು ಅಲ್ಲಿ ಇಳಿಸುತ್ತದೆ. ಮೇಲೆ ನಿಂತು ಹತ್ತು ನಿಮಿಷ ಅಲೆಗಳನ್ನೇ ನೋಡುತ್ತಾ ಇದ್ದರೆ ಈ ಬಾಗುವುದು ಕಣ್ಣಿಗೇ ಕಾಣುತ್ತದೆ, ಪುಸ್ತಕ ಬೇಡ. ಮಳೆಗಾಲದ ದೊಡ್ಡ ಅಲೆ ಮರಳನ್ನು ಎಳೆದುಕೊಂಡು ಹೋಗುತ್ತದೆ, ಮಳೆ ಕಳೆದ ಮೇಲೆ ಸಣ್ಣ ಅಲೆ ವಾಪಸ್ ತಂದು ಕೊಡುತ್ತದೆ. ಸೆಪ್ಟೆಂಬರಿನಲ್ಲಿ ಹೋದವರು ಇಷ್ಟೇನಾ ಬೀಚು ಅನ್ನುತ್ತಾರೆ, ಫೆಬ್ರವರಿಯಲ್ಲಿ ಹೋದವರು ಆಹಾ ಅನ್ನುತ್ತಾರೆ. ಎರಡೂ ಒಂದೇ ಬೀಚು. ನಾವು ಕಾಲು ಚಾಚಿ ಕೂರುವ ಮರಳನ್ನು ಹಿಡಿದು ನಿಲ್ಲಿಸಿರುವುದು ಅಕ್ಕಪಕ್ಕದ ಆ ಎರಡು ಗುಡ್ಡ.

ಆ ಬಂಡೆಗಳ ಮೇಲೆ ನಾನು ಕಲಿತ ಒಂದು ಪಾಠ ಹೇಳುತ್ತೇನೆ. ಕೆಲವು ವರ್ಷದ ಹಿಂದೆ, ಸೆಪ್ಟೆಂಬರ್ ತಿಂಗಳು. ನಾನು, ನನ್ನ ಗೆಳತಿ ಇಬ್ಬರೇ ಹಾಫ್ ಮೂನ್ ದಾಟಿ ಪ್ಯಾರಡೈಸ್ ಕಡೆ ಹೊರಟಿದ್ದೆವು. ಮೇಲಿನ ಕಾಲುದಾರಿ ಬಿಟ್ಟು ಕೆಳಗಿನ ಬಂಡೆಗಳ ಮೇಲೆ ಹೋದರೆ ಹತ್ತಿರ ಅಂತ ಕಂಡಿತು. ಇಳಿದೆವು. ಬಂಡೆಯ ಮೇಲೆ ಒಬ್ಬ ಅಜ್ಜಿ ಕುಕ್ಕರಗಾಲಲ್ಲಿ ಕೂತು ಸಣ್ಣ ಕಬ್ಬಿಣದ ಚೂಪಿನಿಂದ ಕಲ್ಲಿಗೆ ಅಂಟಿದ ಚಿಪ್ಪು ಒಡೆಯುತ್ತಿದ್ದರು. ಟಕ್ ಅಂತ ಒಂದು ಪೆಟ್ಟು, ಮೇಲಿನ ಚಿಪ್ಪು ಹಾರುತ್ತದೆ, ಒಳಗಿನ ಬೂದು ಬಣ್ಣದ ಮಾಂಸವನ್ನು ಒಂದೇ ತಿರುವಿನಲ್ಲಿ ಬಿಡಿಸಿ ಪಕ್ಕದ ಡಬ್ಬಿಗೆ. ಮುಂದಿನದ್ದು. ಕೈ ನೋಡುತ್ತಾ ಇರಬೇಕು ಅನ್ನಿಸುವಂಥ ಕೆಲಸ. ನಮ್ಮನ್ನು ನೋಡಿ ತಲೆ ಎತ್ತದೆಯೇ ಅಂದರು, "ತಂಗೀ, ಆ ಕಲ್ಲ ಮೇಲೆ ಹೋಗುಕೆ ಹೋಗ್ಬೇಡಿ. ಭರತಿ ಶುರು ಆಯ್ತು."

ಐದು ನಿಮಿಷದ ದಾರಿ ಅಜ್ಜಿ, ಹೋಗಿಬಿಡುತ್ತೇವೆ ಅಂದೆ. ಅವರು ಏನೂ ಹೇಳಲಿಲ್ಲ, ತಮ್ಮ ಡಬ್ಬಿ ಎತ್ತಿಕೊಂಡು ಎರಡು ಬಂಡೆ ಮೇಲಕ್ಕೆ ಸರಿದು ಕೂತರು. ಅದನ್ನು ನೋಡಿಯಾದರೂ ನಾವು ನಿಲ್ಲಬೇಕಿತ್ತು. ಇಲ್ಲಿ ಭರತ ಇಳಿತದ ನಡುವಿನ ಎತ್ತರ ಒಂದೂವರೆ ಮೀಟರಿನ ಆಸುಪಾಸು ಇರುತ್ತದೆ, ಕೇಳಲು ಏನೂ ಅಲ್ಲ, ಆದರೆ ಬಂಡೆಗಳ ಸಂದಿನಲ್ಲಿ ಒಂದೂವರೆ ಮೀಟರು ಅಂದರೆ ಎದೆಮಟ್ಟ, ಅದರ ಮೇಲೆ ಅಲೆ. ಮೂರನೇ ಬಂಡೆಯಲ್ಲಿ ಗೆಳತಿ ಜಾರಿದಳು. ಬೀಳದ ಹಾಗೆ ಕೈ ಊರಿದ್ದು ಚಿಪ್ಪಿನ ಮೇಲೆ. ಕಲ್ಲಿಗೆ ಅಂಟಿದ ಆ ಚಿಪ್ಪಿನ ಅಂಚು ಬ್ಲೇಡಿನ ಹಾಗೆ, ಅಂಗೈ ಉದ್ದಕ್ಕೆ ಸೀಳಿತು. ನಾನು ಅವಳ ಕೈಗೆ ದುಪಟ್ಟಾ ಸುತ್ತುವಷ್ಟರಲ್ಲಿ ನಾವು ಬಂದ ಬಂಡೆಗೂ ನಮಗೂ ನಡುವೆ ನೀರು ಬಂದಿತ್ತು. ಆ ಅಜ್ಜಿಯೇ ಮೇಲಿನಿಂದ ಕೂಗಿ, ಯಾವ ಬಂಡೆ ಆದ ಮೇಲೆ ಯಾವ ಬಂಡೆಗೆ ಕಾಲಿಡಬೇಕು ಅಂತ ಒಂದೊಂದಾಗಿ ಹೇಳಿ ನಮ್ಮನ್ನು ಹತ್ತಿಸಿಕೊಂಡರು. ಗಾಯಕ್ಕೆ ತಮ್ಮ ಹತ್ತಿರ ಇದ್ದ ಕುಡಿಯುವ ನೀರು ಹಾಕಿ ತೊಳೆದರು. ಬೈಯಲಿಲ್ಲ. "ಕಡಲ ಹತ್ರ ಬಂದವ್ರು ಕಡಲ ಮಾತು ಕೇಳ್ಬೇಕು" ಅಂದರು ಅಷ್ಟೇ. ಗೆಳತಿಯ ಅಂಗೈಯಲ್ಲಿ ಆ ಗೆರೆ ಇನ್ನೂ ಇದೆ.

ಹಾಗಾಗಿ ಹೋಗುವವರು ದಯವಿಟ್ಟು ಕೇಳಿ. ಮೇಲಿನ ಕಾಲುದಾರಿ ಬಿಡಬೇಡಿ. ಒದ್ದೆ ಬಂಡೆಯ ಮೇಲೆ ಫೋಟೋಕ್ಕೆ ನಿಲ್ಲಬೇಡಿ, ಹತ್ತು ಸಣ್ಣ ಅಲೆ ಆದ ಮೇಲೆ ಒಂದು ದೊಡ್ಡದು ಬರುತ್ತದೆ, ಅದು ಹೇಳಿ ಬರುವುದಿಲ್ಲ. ಜೀವರಕ್ಷಕರು ಸೀಟಿ ಊದಿದರೆ ವಾಪಸ್ ಬನ್ನಿ. ಪ್ರತಿ ವರ್ಷ ಈ ಬೀಚುಗಳಲ್ಲಿ ಈಜಲು ಹೋದ ಹುಡುಗರು ಮುಳುಗಿದ ಸುದ್ದಿ ಓದುತ್ತೇವೆ, ಹೆಚ್ಚಿನವರು ಕಡಲು ನೋಡದ ಊರಿನವರು. ನಿಮ್ಮ ಮನೆಗೆ ಬರುವ ನೆಂಟರ ಮಕ್ಕಳಿಗೂ ಇದನ್ನು ಹೇಳಿ ಕಳಿಸಿ.

ಪ್ಯಾರಡೈಸ್ ದಾಟಿ ಕೊನೆಯ ಗುಡ್ಡ ಹತ್ತಿದರೆ ದಕ್ಷಿಣಕ್ಕೆ ಅಘನಾಶಿನಿಯ ಮುಖ ಕಾಣುತ್ತದೆ. ಹೊಳೆ ಕಡಲು ಸೇರುವ ಜಾಗ. ಮಳೆ ಕಳೆದ ಹೊಸತರಲ್ಲಿ ಅಲ್ಲಿ ನೀರಿನ ಮೇಲೆ ಒಂದು ಗೆರೆ ಎಳೆದ ಹಾಗೆ ಇರುತ್ತದೆ, ಈ ಕಡೆ ಹೊಳೆಯ ಕಂದು ನೀರು, ಆ ಕಡೆ ಕಡಲಿನ ಹಸಿರು. ಡಾಲ್ಫಿನ್‌ಗಳು ಬೆನ್ನು ತೋರಿಸುವುದೂ ಹೆಚ್ಚಾಗಿ ಈ ಕಡೆಯೇ, ಹೊಳೆಯ ನೀರಿನ ಜೊತೆ ಬರುವ ಮೀನಿಗಾಗಿ.

ಈಗ ಕಡಲಿಗೆ ಬೆನ್ನು ಹಾಕಿ. ಆ ಕಂದು ನೀರು ಎಲ್ಲಿಂದ ಬಂತು? ಒಂದು ಎಳೆ ಇಲ್ಲಿಂದಲೇ, ನಮ್ಮ ಶಿರಸಿಯ ಶಂಕರ ಹೊಂಡದಿಂದ. ದಿನಾ ಅದರ ಪಕ್ಕದಲ್ಲೇ ಓಡಾಡುತ್ತೇವೆ, ನೋಡುವುದೂ ಇಲ್ಲ. ಇನ್ನೊಂದು ಎಳೆ ಮಂಜುಗುಣಿ ಕಡೆಯಿಂದ. ಎರಡೂ ಕೂಡಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಘಟ್ಟ ಇಳಿದು, ಸುಮಾರು 120 ಕಿಲೋಮೀಟರ್ ಹರಿದು ತದಡಿಗೆ ಬರುತ್ತದೆ. ನಡುವೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳಲ್ಲಿ ಈ ಭಾಗ್ಯ ಎಷ್ಟಕ್ಕೆ ಇದೆ ಹೇಳಿ. ಶರಾವತಿಗೆ ಇಲ್ಲ, ಕಾಳಿಗೆ ಇಲ್ಲ.

ತಡೆ ಇಲ್ಲದ ಹೊಳೆ ಮಳೆಗಾಲದಲ್ಲಿ ಸಿಹಿ ನೀರು ಮತ್ತು ಗೋಡು, ಅಂದರೆ ಮೆಕ್ಕಲು ಮಣ್ಣು ತರುತ್ತದೆ, ಬೇಸಿಗೆಯಲ್ಲಿ ಕಡಲ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೊಳೆ ಬಾಯಿಯ ಬದುಕೆಲ್ಲ ಈ ಏರಿಳಿತದ ಮೇಲೆ ನಿಂತಿದೆ. ಇಳಿತ ಆದಾಗ ಹೆಂಗಸರು ಗಂಡಸರು ಸೊಂಟಮಟ್ಟ ನೀರಿನಲ್ಲಿ ಚಿಪ್ಪಿಕಲ್ಲು ಹೆಕ್ಕುತ್ತಾರೆ, ಬಳಚು ಅಂತಲೂ ಹೇಳುತ್ತಾರೆ. ಸಾವಿರಾರು ಜನರಿಗೆ ಅದೇ ದುಡಿಮೆ. ದಡದ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪು ನೀರು ಮುಟ್ಟುವ ತಗ್ಗು ಗದ್ದೆಗಳಲ್ಲಿ, ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ನೀರು ನುಗ್ಗಿದರೂ ಸಾಯದ ತಳಿ ಅದು, ಆಳೆತ್ತರ ಬೆಳೆಯುತ್ತದೆ, ಅಕ್ಕಿ ಕೆಂಪು. ಗೊಬ್ಬರ ಹಾಕುವುದಿಲ್ಲ, ಹೊಳೆ ತಂದ ಗೋಡೇ ಗೊಬ್ಬರ. ಭತ್ತ ಕೊಯ್ದ ಮೇಲೆ ಕಟ್ಟೆಯ ಹಲಗೆಯ ತೂಬು ಎತ್ತಿ ಉಪ್ಪು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಸಿಗಡಿ. ಕಟ್ಟೆ ಒಬ್ಬರ ಕೈಲಿ ಉಳಿಯುವುದಿಲ್ಲ, ಊರೆಲ್ಲ ಸೇರಿ ಕಾಯಬೇಕು. ಕಟ್ಟೆ ಕಾಯುವುದು ಬಿಟ್ಟ ಕಡೆ ಕಗ್ಗವೂ ಹೋಗಿದೆ. ಮಾಣಿಕಟ್ಟಾದ ಸುತ್ತ ರೈತರು ಒಟ್ಟಾಗಿ ಅದನ್ನು ಉಳಿಸಿಕೊಂಡು ಬರುತ್ತಿದ್ದಾರೆ, ಅವರಿಗೆ ನಾನು ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಇದೇ ತದಡಿಯಲ್ಲಿ ಇಪ್ಪತ್ತು ವರ್ಷದ ಹಿಂದೆ 4,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮಾಡುವ ಮಾತು ಬಂದಿತ್ತು. ಮೀನುಗಾರರು, ಚಿಪ್ಪಿಕಲ್ಲಿನವರು, ರೈತರು ಎಲ್ಲ ಎದ್ದು ನಿಂತರು. ನಮ್ಮ ಘಟ್ಟದ ಮೇಲಿನ ಜನವೂ ಜೊತೆಗೆ ನಿಂತರು. ಯೋಜನೆ ಕೈಬಿಡಬೇಕಾಯಿತು. 2024ರಲ್ಲಿ ಅಘನಾಶಿನಿಯ ಈ ಅಳಿವೆಗೆ ರಾಮ್ಸಾರ್ ಮಾನ್ಯತೆ ಸಿಕ್ಕಿತು, 4,801 ಹೆಕ್ಟೇರು. ಅಂದರೆ ಪ್ರಪಂಚಕ್ಕೇ ಮುಖ್ಯವಾದ ಜೌಗು ನೆಲ ಅಂತ ಒಪ್ಪಿಕೊಂಡ ಹಾಗೆ. ಅವತ್ತು ಬೀದಿಗೆ ಇಳಿದವರು ಇಳಿಯದೆ ಇದ್ದಿದ್ದರೆ ಮಾನ್ಯತೆ ಕೊಡಲು ಅಲ್ಲಿ ಏನು ಉಳಿದಿರುತ್ತಿತ್ತು?

ಇನ್ನು ಉಪ್ಪು. ಗೋಕರ್ಣಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಸಾಣಿಕಟ್ಟಾದ ಆಗರಗಳನ್ನು ಎಲ್ಲರೂ ನೋಡಿರುತ್ತೀರಿ, ಚೌಕ ಚೌಕ ಪಾತಿ, ನಡುನಡುವೆ ಬಿಳಿ ಗುಡ್ಡೆ. ಒಂದು ಸಲ ಇಳಿದು ಹತ್ತಿರ ಹೋಗಿ. ಹೊಳೆಯಿಂದ ಕಾಲುವೆಯಲ್ಲಿ ಉಪ್ಪು ನೀರು ತಂದು, ಒಂದು ಪಾತಿಯಿಂದ ಇನ್ನೊಂದಕ್ಕೆ ಬಿಡುತ್ತಾ ಬಿಸಿಲಿಗೆ ಒಣಗಿಸುತ್ತಾರೆ. ಕೊನೆಯ ಪಾತಿಯಲ್ಲಿ ನೀರಿನ ಮೇಲೆ ಮೊದಲು ಕೆನೆ ಕಟ್ಟಿದ ಹಾಗೆ ತೆಳ್ಳನೆ ಪದರ ಬರುತ್ತದೆ, ಆಮೇಲೆ ಹರಳು ತಳಕ್ಕೆ ಇಳಿಯುತ್ತದೆ. ಉದ್ದ ಕೋಲಿನ ಹಲಗೆಯಿಂದ ಅದನ್ನು ದಡಕ್ಕೆ ಎಳೆಯುತ್ತಾರೆ. ಪೇಟೆ ಉಪ್ಪಿನ ಹಾಗೆ ಬೆಳ್ಳಗೆ ಇರುವುದಿಲ್ಲ, ಸ್ವಲ್ಪ ಮಣ್ಣಿನ ಛಾಯೆ. 1930ರ ಏಪ್ರಿಲ್‌ನಲ್ಲಿ ಪಕ್ಕದ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳ್ತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆದಾಗ ಜನ ಕೈಯಲ್ಲಿ ಹಿಡಿದದ್ದು ಇದೇ ಕಡಲಿನ ಉಪ್ಪು.

ನಮ್ಮ ಮನೆಯಲ್ಲಿ ಅಮ್ಮ ಮಿಡಿ ಉಪ್ಪಿನಕಾಯಿಗೆ ಸಾಣಿಕಟ್ಟಾ ಉಪ್ಪು ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಬೇರೆ ಉಪ್ಪಿಗೆ ಮಿಡಿ ಮೆತ್ತಗಾಗುತ್ತದೆ ಅನ್ನುತ್ತಿದ್ದರು. ನಿಮ್ಮಲ್ಲಿ ಬಹಳ ಜನರ ಮನೆಯಲ್ಲೂ ಹೀಗೇ ಇರಬೇಕು, ತಲೆ ಆಡಿಸುವುದು ಕಾಣುತ್ತಿದೆ. ಇನ್ನು ಆ ಅಪ್ಪೆಮಿಡಿ ಎಲ್ಲಿಯದು? ಅಘನಾಶಿನಿ ದಡದ ಮರಗಳದ್ದು, ಘಟ್ಟದ ಮೇಲಿನದು. ಮಿಡಿ ಹೊಳೆಯ ತಲೆಯಿಂದ, ಉಪ್ಪು ಹೊಳೆಯ ಬಾಯಿಯಿಂದ. ಎರಡೂ ಸೇರುವುದು ನಮ್ಮ ಅಟ್ಟದ ಮೇಲಿನ ಭರಣಿಯಲ್ಲಿ. ಇದು ನನಗೆ ಹೊಳೆದದ್ದು ಆ ಗುಡ್ಡದ ಮೇಲೆ, ಕಡಲಿಗೆ ಬೆನ್ನು ಹಾಕಿ ಕೂತಾಗ. ಅಮ್ಮ ಇದ್ದಿದ್ದರೆ ಮನೆಗೆ ಓಡಿ ಬಂದು ಹೇಳುತ್ತಿದ್ದೆ.

ಹೇಗೆ ಹೋಗಬೇಕು ಅಂತ ಕೆಲವರು ಆಗಲೇ ಕೇಳಿದರು. ನಾವು ನವೆಂಬರಿನಲ್ಲಿ ಒಂದು ಭಾನುವಾರ ಹೋಗೋಣ, ಮಳೆ ಪೂರ್ತಿ ನಿಂತಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ದೇವಿಮನೆ ಘಾಟಿ ಇಳಿದು ಬೆಳಿಗ್ಗೆ ಬೇಗ ಗೋಕರ್ಣ ತಲುಪಿದರೆ ರಾಮತೀರ್ಥದಲ್ಲಿ ಬಾಟಲಿ ತುಂಬಿಸಿಕೊಂಡು ಹೊರಡಬಹುದು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಕೊಳ್ಳಿ. ಟೋಪಿ ಇರಲಿ, ಬಯಲಿನಲ್ಲಿ ನೆರಳು ಇಲ್ಲ. ತಂದ ಪ್ಲಾಸ್ಟಿಕ್ ವಾಪಸ್ ತರಬೇಕು, ಆ ದಾರಿಯಲ್ಲಿ ಕಸ ಹೆಕ್ಕುವವರು ಯಾರೂ ಇಲ್ಲ. ಅವತ್ತಿನ ಭರತ ಇಳಿತದ ಹೊತ್ತನ್ನು ನಾನು ಮೊದಲೇ ನೋಡಿ ಹೇಳುತ್ತೇನೆ. ಬೆಲೆಕಾನಿನಿಂದ ತದಡಿಗೆ ರಸ್ತೆ ಇದೆ, ಅಲ್ಲಿಂದ ಹೊಳೆ ದಾಟಲು ದೋಣಿ, ಆಚೆ ದಡದಲ್ಲಿ ಅಘನಾಶಿನಿ ಅನ್ನುವ ಊರು. ಊಟ ಎಲ್ಲಾದರೂ ಮಾಡೋಣ. ಬರುವಾಗ ಸಾಣಿಕಟ್ಟಾದಲ್ಲಿ ನಿಲ್ಲಿಸುತ್ತೇವೆ, ಉಪ್ಪು ಬೇಕಾದವರು ಚೀಲ ತನ್ನಿ.